ತೂಬಿನ ಎರಡನೇ ಕಲ್ಲು

ಇದು ನನ್ನ ಕೈಯಿಂದ ಕೆಟ್ಟ ಒಂದು ಕೆಲಸದ ಕತೆ. ಸರಿಹೋದ ಕೆಲಸಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅದನ್ನು ಅವರಿಗೇ ಬಿಡುತ್ತೇನೆ.

ಕರಾವಳಿಯಲ್ಲಿ ಮೀನುಗಾರಿಕೆ ಓದುವಾಗ ನಮಗೆ ಹವಳದ ದಿಬ್ಬಗಳ ಮೀನುಗಳಿಗೆ ನಕ್ಷೆ ಬರೆಯುವುದನ್ನು ಕಲಿಸಿದ್ದರು. ಸಮುದ್ರದ ತಳದ ದಿಬ್ಬವನ್ನು ಸಮನಾದ ಚೌಕಗಳಾಗಿ ಭಾಗ ಮಾಡಬೇಕು. ಒಂದೊಂದು ಚೌಕದಲ್ಲೂ ಯಾವ ಮೀನು ಎಷ್ಟಿದೆ ಎಂದು ಎಣಿಸಬೇಕು. ಎಣಿಕೆ ಹೆಚ್ಚು ಬಂದ ಚೌಕಕ್ಕೆ ಕೆಂಪು, ಮಧ್ಯಮಕ್ಕೆ ಹಳದಿ, ಏನೂ ಇಲ್ಲದ್ದಕ್ಕೆ, ತೀರ ಕಡಿಮೆ ಇದ್ದದ್ದಕ್ಕೆ ಬಿಳಿ. ಕೆಂಪಿನೊಳಗೆ ಬಲೆ ಬಿಡಬಾರದು, ಉಳಿದ ಕಡೆ ಹಿಡಿದುಕೊಳ್ಳಬಹುದು. ಹೀಗೆ ಮಾಡಿದರೆ ಮೀನೂ ಉಳಿಯುತ್ತದೆ, ಮೀನುಗಾರನೂ ಉಳಿಯುತ್ತಾನೆ. ಆ ವಿದ್ಯೆಯನ್ನು ನಾನು ಸಮುದ್ರವನ್ನೇ ಕಾಣದ ನಮ್ಮ ಸೀಮೆಗೆ ಹೊತ್ತು ತಂದೆ.

ಮಳೆ ಚೆನ್ನಾಗಿ ಆಗಿ, ವರ್ಷಗಟ್ಟಲೆ ಒಣಗಿದ್ದ ಕೆರೆಗಳೆಲ್ಲ ಕೋಡಿ ಬಿದ್ದಿದ್ದ ಕಾಲ ಅದು. ಮೀನುಗಾರರ ಸಂಘದವರು ತಂದು ಬಿಡುವ ಕಾಟ್ಲ, ರೋಹು ಮರಿಗಳ ಜೊತೆಗೆ ಕೊರಮೀನು, ಚೇಳುಮೀನು, ಪಕ್ಕೆಯಂಥ ನಾಡಮೀನುಗಳೂ ತಾವಾಗಿಯೇ ತಿರುಗಿ ಬಂದಿದ್ದವು. ಈ ನಾಡಮೀನು ಉಳಿಸಿಕೊಳ್ಳಬೇಕು, ಯಾವ ಕೆರೆಯಲ್ಲಿ ಎಲ್ಲಿ ಹಿಡಿಯಬೇಕು ಎಲ್ಲಿ ಬಿಡಬೇಕು ಎಂಬುದಕ್ಕೆ ನಕ್ಷೆ ಬೇಕು ಎಂದು ಮೀನುಗಾರಿಕೆ ಕಚೇರಿಯಲ್ಲಿ ತೀರ್ಮಾನವಾಯಿತು. ಮೊದಲು ಮಧುಗಿರಿ ತಾಲ್ಲೂಕಿನಲ್ಲಿ ಒಂದು ಕೆರೆ. ಅದೇ ಮಾದರಿಯಲ್ಲಿ ಆಮೇಲೆ ಸಿರಾದ ಕೆರೆಗಳು, ಕೊರಟಗೆರೆಯಲ್ಲಿ ತೋವಿನಕೆರೆ ಕಡೆಯವು, ಪಾವಗಡದಲ್ಲಿ ನಿಡುಗಲ್ ಬೆಟ್ಟದ ಕೆಳಗಿನವು. ಗುತ್ತಿಗೆಯ ಮೇಲೆ ಆ ಕೆಲಸ ನನಗೆ ಸಿಕ್ಕಿತು. ಪುರವರದ ಹತ್ತಿರದವಳು, ಊರಿನ ಭಾಷೆ ಬರುತ್ತದೆ ಅನ್ನುವುದೂ ಒಂದು ಕಾರಣ. ಭಾಷೆ ಬಂದರೆ ಸಾಲದು ಎಂದು ಆಗ ನನಗೂ ಗೊತ್ತಿರಲಿಲ್ಲ, ಕೆಲಸ ಕೊಟ್ಟವರಿಗೂ ಗೊತ್ತಿರಲಿಲ್ಲ.

ಕೆರೆಯ ಹೆಸರು ಬರೆಯುವುದಿಲ್ಲ. ಮಧುಗಿರಿಯಿಂದ ಪಾವಗಡದ ದಾರಿಯಲ್ಲಿ ಒಂದು ಗುಡ್ಡ, ಗುಡ್ಡದ ಮಗ್ಗುಲಿಗೆ ಕೆರೆ. ಗುಡ್ಡದ ಬಂಡೆಗಳು ಸಾಲಾಗಿ ನೀರಿನೊಳಕ್ಕೆ ಇಳಿದಿವೆ. ಅದನ್ನು ಊರಿನವರು ಬಂಡೆಸಾಲು ಅನ್ನುತ್ತಾರೆ. ಏರಿಗೆ ಒತ್ತಿಕೊಂಡು, ತೂಬಿನ ಮುಂದೆ, ಕೆರೆಯಲ್ಲೆಲ್ಲ ಆಳವಾದ ಮಡು. ಗದ್ದೆಗೆ ನೀರು ಬಿಡುವ ಈ ತೂಬು ಹಳೆಯ ಕಾಲದ್ದು. ನೀರಿನಲ್ಲಿ ನಿಂತ ಎರಡು ಕಲ್ಲುಕಂಬ, ಅವಕ್ಕೆ ಮೆಟ್ಟಿಲಿನಂತೆ ಒಂದರ ಕೆಳಗೊಂದು ಮೂರು ಅಡ್ಡಕಲ್ಲು. ಕೆರೆ ತುಂಬಿದಾಗ ಮೇಲಿನದೊಂದೇ ಕಾಣುತ್ತದೆ. ನೀರು ಇಳಿದಂತೆಲ್ಲ ಎರಡನೆಯದು, ಆಮೇಲೆ ಮೂರನೆಯದು ಹೊರಗೆ ಬರುತ್ತದೆ. ಬಂಡೆಸಾಲಿನ ಆಕಾರ ನೋಡಿದ ದಿನವೇ ನನಗೆ ಖುಷಿಯಾಗಿತ್ತು. ನೀರಿನೊಳಗೆ ಕಲ್ಲು, ಕಲ್ಲಿನ ಸಂದಿಯಲ್ಲಿ ಮೀನು. ನಾನು ಓದಿದ್ದು ಇದನ್ನೇ ಅಲ್ಲವೇ ಅಂದುಕೊಂಡೆ.

ನನಗೆ ಕೆರೆ ತೋರಿಸಲು ಸಂಘದ ಕಾರ್ಯದರ್ಶಿ ಒಬ್ಬ ಹೆಂಗಸನ್ನು ಕಳಿಸಿದ. ಐವತ್ತರ ಆಸುಪಾಸಿನ ವಯಸ್ಸು, ಗಂಡ ತೀರಿಕೊಂಡ ಮೇಲೆ ಅವನ ಸದಸ್ಯತ್ವ ಇವರ ಹೆಸರಿಗೆ ಬಂದಿತ್ತು. ನಾನು ಅಕ್ಕ ಎಂದು ಕರೆದೆ. ಉಳಿದವರೆಲ್ಲ ಇಬ್ಬಿಬ್ಬರು ಸೇರಿ ಬಲೆ ಬಿಟ್ಟರೆ ಇವರು ಒಬ್ಬರೇ. ಗಾಳಿ ತುಂಬಿದ ಲಾರಿ ಟ್ಯೂಬಿನ ಮೇಲೆ ಹಲಗೆ ಕಟ್ಟಿಕೊಂಡು, ಅದರ ಮೇಲೆ ಕೂತು, ಕೈಯಲ್ಲೇ ನೀರು ತಳ್ಳಿಕೊಂಡು ಹೋಗುತ್ತಿದ್ದರು.

"ಒಬ್ಬಳೇ ಹೆಂಗೆ ಬಲೆ ಬಿಡ್ತೀಯಕ್ಕ?" ಎಂದು ಕೇಳಿದೆ.

"ಒಂದು ತುದಿ ಬಂಡೆಗೆ ಕಟ್ತೀನಿ, ಇನ್ನೊಂದು ತುದಿ ನಾನಿಡ್ಕಂತೀನಿ. ಬಂಡೆ ಏನೂ ಕೇಳಾಕಿಲ್ಲ ಕಣಮ್ಮ, ಪಾಲೂ ಕೇಳಾಕಿಲ್ಲ" ಎಂದರು. ಅದಕ್ಕೇ ಸಂಘದವರು ಬಂಡೆಸಾಲನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಕೆರೆಯಲ್ಲಿ ಒಂಟಿ ಮನುಷ್ಯರು ಮೀನು ಹಿಡಿಯಬಹುದಾದ ಜಾಗ ಅದೊಂದೇ.

ಕೆಲಸ ಸುಲಭವಿರಲಿಲ್ಲ. ಜಿಪಿಎಸ್ ಹಿಡಿದು ಕೆರೆಯನ್ನು ಚೌಕಗಳಾಗಿ ಗುರುತು ಮಾಡಿದೆ. ಪ್ರತಿ ಚೌಕದಲ್ಲೂ ಮೂರು ಅಳತೆಯ ಕಣ್ಣಿನ ಬಲೆ, ಒಂದೇ ಉದ್ದ, ನೀರಿನಲ್ಲಿ ಒಂದೇ ಸಮಯ. ಮೊಳಕ್ಕೊಂದು ಗಂಟು ಹಾಕಿದ ಹಗ್ಗಕ್ಕೆ ಗುಂಡುಕಲ್ಲು ಕಟ್ಟಿ ಆಳ ನೋಡುವುದು. ಬಿದ್ದ ಮೀನನ್ನು ಬಕೆಟ್ಟಿಗೆ ಹಾಕಿ, ಜಾತಿ ಗುರುತಿಸಿ, ಉದ್ದ ಅಳೆದು, ತೂಗಿ, ತಿರುಗಿ ನೀರಿಗೆ ಬಿಡುವುದು. ಕೆರೆ ಒಣಗಿದ್ದ ವರ್ಷಗಳಲ್ಲಿ ಅದರ ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದು, ಈಗ ನೀರಿನಡಿ ಮುಳ್ಳು ಚಾಚಿಕೊಂಡು ನಿಂತಿತ್ತು. ಮೊದಲ ವಾರದಲ್ಲೇ ಎರಡು ಬಲೆ ಚಿಂದಿಯಾದವು. ಮೂರನೆಯದನ್ನು ಆಮೆಗಳು ಹರಿದವು. ಒಂದು ದಿನ ಜಿಪಿಎಸ್ಸೇ ನೀರಿಗೆ ಬಿತ್ತು. ಅಕ್ಕ ಮುಳುಗಿ ತಂದುಕೊಟ್ಟರು, ಅದಕ್ಕೆ ಮಾತ್ರ ಮತ್ತೆ ಜೀವ ಬರಲಿಲ್ಲ. ಇನ್ನೊಂದು ತರಿಸಿ ಮೊದಲಿಂದ ಶುರು ಮಾಡಿದೆ. ನಾನು ಸಿಡುಕಿ, ರೇಗಿ, ಜಾಲಿಯ ಗಿಡಕ್ಕೂ ಬೈದು ಕೆಲಸ ಮಾಡುವವಳು. ಅಕ್ಕ ಒಂದು ದಿನವೂ ದನಿ ಎತ್ತಲಿಲ್ಲ.

ಟ್ಯೂಬಿನ ಮೇಲೆ ಕೂತು ಅವರು ಏನಾದರೂ ಹೇಳುತ್ತಲೇ ಇರುತ್ತಿದ್ದರು. ಮಳೆಗಾಲದಲ್ಲಿ ಕೊರಮೀನು ಮರಿ ಮಾಡಿದಾಗ ಆ ಮರಿಗಳೆಲ್ಲ ಕೆಂಪಗೆ, ಒಂದೇ ಉಂಡೆಯಾಗಿ ನೀರಿನ ಮೇಲೆ ತೇಲಾಡುತ್ತವಂತೆ. ತಾಯಿ ತಂದೆ ಎರಡೂ ಕೆಳಗೆ ಕಾವಲು ನಿಂತಿರುತ್ತವಂತೆ. ಆಗ ಬಲೆ ಬಿಟ್ಟರೆ ದೊಡ್ಡವು ಸಿಗುತ್ತವೆ, ಮರಿ ಒಂದೂ ಉಳಿಯುವುದಿಲ್ಲ. ಇಂಥದ್ದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅವರ ಮುಂದೆ ಬರೆಯದಿದ್ದರೆ ಬೇಜಾರು ಮಾಡಿಕೊಂಡಾರು ಎಂದು ಬರೆಯುತ್ತಿದ್ದೆ, ನಿಜ ಹೇಳಬೇಕೆಂದರೆ.

ಡಿಸೆಂಬರ್ ಹೊತ್ತಿಗೆ ನಕ್ಷೆ ಸಿದ್ಧವಾಯಿತು. ಬಂಡೆಸಾಲಿನ ಚೌಕಗಳೆಲ್ಲ ಕಡುಗೆಂಪು. ನಡುಕೆರೆ ಅಲ್ಲಲ್ಲಿ ಹಳದಿ. ಮಡುವಿನಲ್ಲಿ ನಮ್ಮ ಬಲೆಗೆ ಹೆಚ್ಚೇನೂ ಬಿದ್ದಿರಲಿಲ್ಲ, ಅದು ಬಿಳಿ. ಶಾಲೆಯ ಜಗಲಿಯಲ್ಲಿ ಸಂಘದ ಸಭೆ ಸೇರಿಸಿ, ನಕ್ಷೆಯನ್ನು ಗೋಡೆಗೆ ಅಂಟಿಸಿ ವಿವರಿಸಿದೆ. ಬಂಡೆಸಾಲಿನಲ್ಲಿ ಒಂದು ವರ್ಷ ಬಲೆ ಬೇಡ ಎಂದೆ. ನಾನು ಮಾತು ಮುಗಿಸುವ ಮೊದಲೇ ಎಲ್ಲರೂ ಒಪ್ಪಿಬಿಟ್ಟರು.

"ಬಂಡೆಸಾಲು ತಾನೇ ಮೇಡಂ, ಬುಡಿ, ಬಂದ್ ಮಾಡಾಣ" ಎಂದ ಕಾರ್ಯದರ್ಶಿ. ಅವನು ಪಾವಗಡದ ಕಡೆಯಿಂದ ಬಂದು ನೆಲೆಸಿದವನು, ನಡುನಡುವೆ ತೆಲುಗು ಬರುತ್ತಿತ್ತು. "ಮಂಚಿ ಕೆಲಸ, ಒಳ್ಳೇದೇ. ಯಾರೂ ಬೇಡ ಅನ್ನಲ್ಲ."

ಯಾರೂ ಬೇಡ ಅನ್ನದಿರುವುದಕ್ಕೆ ಕಾರಣವಿತ್ತು. ಆ ಜಾಗ ಅವರಲ್ಲಿ ಯಾರದೂ ಅಲ್ಲ. ನಾನು ಅದನ್ನು ಒಮ್ಮತ ಎಂದು ತಿಳಿದು ಹಿಗ್ಗಿದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಎಲ್ಲರ ಗದ್ದಲ ಮುಗಿದ ಮೇಲೆ ಒಂದೇ ಮಾತು ಹೇಳಿದರು: "ಬಂಡೆ ನೀರಾಗೆ ಇರಾದೇ ಯುಗಾದಿ ಗಂಟ ಕಣಮ್ಮ. ಆಮ್ಯಾಕೆ ಏನ್ ಕಾಯ್ತೀರಾ?"

ಒಂದು ವರ್ಷ ಸಹಿಸಿಕೊಂಡರೆ ಮುಂದೆ ನಿಮಗೇ ಹೆಚ್ಚು ಮೀನು ಎಂದು ನಾನು ಸಮಾಧಾನ ಹೇಳಿದೆ. ಅವರು ಕೇಳಿದ್ದು ಅದಲ್ಲ. ನಾನು ಉತ್ತರ ಕೊಟ್ಟಿದ್ದು ನನ್ನ ತಲೆಯಲ್ಲಿದ್ದ ಪ್ರಶ್ನೆಗೆ.

ನಕ್ಷೆಗೆ ಸಹಿ ಬಿತ್ತು, ಮೊಹರು ಬಿತ್ತು. ಬಂಡೆಸಾಲಿನ ಎರಡೂ ತುದಿಗೆ ಹಲಗೆ ನೆಟ್ಟೆವು: ಇಲ್ಲಿ ಮೀನು ಹಿಡಿಯಬಾರದು. ಅಕ್ಕ ಟ್ಯೂಬಿನ ಗಾಳಿ ತೆಗೆದು ಮನೆಯ ಸೂರಿಗೆ ನೇತುಹಾಕಿ ಕಡಲೆಕಾಯಿ ಬಿಡಿಸುವ ಕೂಲಿಗೆ ಹೋದರು. ನಾನು ವರದಿ ಬರೆಯಲು ಕೂತೆ.

ಯುಗಾದಿ ಕಳೆದು ಕೆಲವು ವಾರಗಳಿಗೆ ಬೇಸಿಗೆಯ ತಪಾಸಣೆಗೆಂದು ಹೋದೆ. ಬಸ್ಸಿಳಿದು ಏರಿ ಹತ್ತಿದವಳು ಅಲ್ಲೇ ನಿಂತುಬಿಟ್ಟೆ. ಬಂಡೆಸಾಲು ಪೂರಾ ಒಣಗಿ ಬಿಳಿಚಿಕೊಂಡಿತ್ತು. ಅದರ ಮೇಲೆ ಮೇಕೆಗಳು ಹತ್ತಿ ನಿಂತಿದ್ದವು. ನನ್ನ ಎರಡು ಹಲಗೆಗಳು ಬಿರುಕು ಬಿಟ್ಟ ಮಣ್ಣಿನಲ್ಲಿ ನೆಟ್ಟಗೆ ನಿಂತು, ಇಲ್ಲಿ ಮೀನು ಹಿಡಿಯಬಾರದು ಎಂದು ಮೇಕೆಗಳಿಗೆ ಹೇಳುತ್ತಿದ್ದವು. ತೂಬಿನ ಮೂರನೇ ಅಡ್ಡಕಲ್ಲೂ ಹೊರಗೆ ಬಂದಿತ್ತು. ಇಡೀ ಕೆರೆಯ ನೀರು ಮಡುವಿಗೆ ಸೇರಿತ್ತು, ಮಡುವಿನ ತುಂಬ ಬಲೆಗಳು.

ಏರಿಯ ಮೇಲೆ ಗೋಣಿಚೀಲ ಹಾಸಿ ಮೀನು ಸುರಿದಿದ್ದರು. ತೋಳುದ್ದದ ಕೊರಮೀನುಗಳು. ಅಂಥವನ್ನು ನಾನು ಮೂರು ತಿಂಗಳ ಎಣಿಕೆಯಲ್ಲಿ ಬೆರಳೆಣಿಕೆಯಷ್ಟೂ ಕಂಡಿರಲಿಲ್ಲ. ಒಂದನ್ನು ಎತ್ತಿ ಹೊಟ್ಟೆ ಒತ್ತಿ ನೋಡಿದೆ, ಮೊಟ್ಟೆ ಕಟ್ಟಿತ್ತು. ಇನ್ನೊಂದರಲ್ಲೂ ಇತ್ತು. ಮಳೆ ಬಿದ್ದ ಮೇಲೆ ಇಡೀ ಕೆರೆಗೆ ಮರಿ ತುಂಬಬೇಕಾದ ತಾಯಿಮೀನುಗಳು ಅವು.

"ಮಡುವಿಗೆ ಯಾಕೆ ಬಲೆ ಬಿಟ್ರಿ?" ನನ್ನ ದನಿ ಏರಿತ್ತು.

ಕಾರ್ಯದರ್ಶಿ ಬೆಪ್ಪಾದ. ಜೇಬಿನಿಂದ ಫೋನು ತೆಗೆದು ನನ್ನ ನಕ್ಷೆಯ ಫೋಟೋ ನನಗೇ ತೋರಿಸಿದ. "ಇದು ಬಿಳಿ ಐತಲ್ಲ ಮೇಡಂ? ಕೆಂಪಿರೋ ತಾವ ಒಂದು ಗಾಳನೂ ಆಕಿಲ್ಲ ನಾವು. ನಿಮ್ಮ ಮಾತು ಮೀರಿಲ್ಲ, ದೇವರಾಣೆ."

"ಮುಂಚೆನೂ ಹಿಂಗೇ ಬಿಡ್ತಿದ್ರಾ?"

ಅವನು ಫೋನನ್ನು ತಿರುಗಿ ಜೇಬಿಗೆ ಇಟ್ಟುಕೊಂಡ. ಬಲೆ ಬಿಡಿಸುತ್ತಿದ್ದ ವಯಸ್ಸಾದ ಒಬ್ಬರು ತಲೆ ಎತ್ತದೆಯೇ ಹೇಳಿದರು. "ಎಲ್ಲಿ ಬಿಡ್ತಿದ್ವಿ. ಎಲ್ಡನೇ ಕಲ್ಲು ಕಂಡ ಮ್ಯಾಕೆ ಮಡುವಿಗೆ ಬಲೆ ಬಿಡಾಂಗಿರ್ಲಿಲ್ಲ. ಮನೆ ಸಾರಿಗೆ ಒಂದೊಂದು ಗಾಳ ಆಕ್ಕಂತಿದ್ವಿ, ಅಷ್ಟೇಯ. ಈ ವರ್ಸ ನಕ್ಷೆ ಬಂತಲ್ಲ, ಸರ್ಕಾರದ್ದು. ಅದ್ರಾಗೆ ಬಿಟ್ಟವ್ರೆ ಅಂದ್ರು, ಬಿಟ್ವಿ."

ಕೆರೆಗೆ ಒಂದು ಕಟ್ಟಳೆ ಇತ್ತು, ಯಾರೂ ಬರೆದಿಟ್ಟಿರದ ಕಟ್ಟಳೆ. ಮೊಹರು ಹಾಕಿದ ನನ್ನ ಕಾಗದ ಬಂದು ಅದನ್ನು ತೆಗೆದುಹಾಕಿತ್ತು.

ಅಕ್ಕನ ಮನೆಗೆ ಹೋದೆ. ಕೂಲಿಯಿಂದ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಬೆರಳ ತುದಿಗಳು ಕಡಲೆಕಾಯಿ ಸಿಪ್ಪೆಯಿಂದ ಸುಲಿದಿದ್ದವು. "ಯಾಕಕ್ಕ ನಂಗೆ ಹೇಳ್ಲಿಲ್ಲ?" ಎಂದೆ. ಈಗ ನೆನೆದರೂ ಆ ಪ್ರಶ್ನೆಗೆ ನಾಚಿಕೆಯಾಗುತ್ತದೆ.

ಅವರು ನನ್ನ ಮುಖವನ್ನೇ ನೋಡಿದರು. "ಏಳಿದ್ನಲ್ಲಮ್ಮ. ಮೊದಲ್ನೇ ವಾರನೇ ಏಳಿದ್ದೆ. ನೀವು ಬರ್ಕಂಡ್ರಿ."

ಪುರವರದ ಬಸ್ಸಿನಲ್ಲಿ ಕೂತು ನೋಟ್‌ಬುಕ್ಕು ತೆಗೆದೆ. ಐದನೇ ಪುಟದಲ್ಲಿತ್ತು, ನನ್ನದೇ ಅಕ್ಷರ. "ತೂಬಿನ ಎರಡನೇ ಕಲ್ಲು ಕಂಡರೆ ಮೀನೆಲ್ಲ ಬಂಡೆಸಾಲು ಬಿಟ್ಟು ಮಡುವಿಗೆ ಸೇರುತ್ತದೆ. ಆಗ ಮಡುವಿನಲ್ಲಿ ಹಿಡಿಯುವುದಿಲ್ಲ." ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ನಾನು ಸ್ಕೇಲಿಟ್ಟು ಗೆರೆ ಎಳೆದು ಅಂಕಣಗಳನ್ನು ಮಾಡಿದ್ದೆ: ಚೌಕ, ಆಳ, ಜಾತಿ, ಉದ್ದ, ತೂಕ. ಅಕ್ಕನ ಮಾತು ಇದ್ದದ್ದು ಕೊನೆಯಲ್ಲಿ, ಇತರೆ ಎಂಬ ಅಂಕಣದಲ್ಲಿ. ನಕ್ಷೆ ಬರೆಯುವಾಗ ಇತರೆ ಅಂಕಣವನ್ನು ನಾನು ಕಣ್ಣೆತ್ತಿಯೂ ನೋಡಿರಲಿಲ್ಲ, ಅದರಲ್ಲಿ ಸಂಖ್ಯೆ ಇರಲಿಲ್ಲವಲ್ಲ. ಹವಳದ ದಿಬ್ಬ ಇದ್ದಲ್ಲೇ ಇರುತ್ತದೆ, ಅದರ ಮೇಲಿನ ನೀರೂ ವರ್ಷವಿಡೀ ಇರುತ್ತದೆ. ನಮ್ಮ ಕೆರೆ ಯುಗಾದಿಗೊಂದು ಆಕಾರ, ದಸರೆಗೊಂದು ಆಕಾರ. ಇದು ಈ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಓದಿ ಬಂದವಳಲ್ಲವೇ, ಗೊತ್ತಿದ್ದದ್ದು ನೆನಪಾಗಲಿಲ್ಲ.

ಆ ರಾತ್ರಿ ಊಟ ಸೇರಲಿಲ್ಲ. ಅಳು ಬಂತು, ಅತ್ತೆ. ಅದರಿಂದ ಕೆರೆಗೇನೂ ಆಗಲಿಲ್ಲ.

ಇನ್ನೂ ಒಂದು ಸಂಗತಿ ತಲೆಯ ಮೇಲೆ ಕೂತಿತ್ತು. ನನ್ನ ನಕ್ಷೆ ಮಾದರಿಯಾಗಿ ಉಳಿದ ಮೂರು ತಾಲ್ಲೂಕಿಗೆ ಹೊರಡುವುದರಲ್ಲಿತ್ತು. ಸಿರಾದಲ್ಲೂ, ತೋವಿನಕೆರೆ ಕಡೆಯೂ, ನಿಡುಗಲ್ ಕೆಳಗೂ ಹಳೆಯ ತೂಬುಗಳಿವೆ, ಅಡ್ಡಕಲ್ಲುಗಳಿವೆ, ಮಡುಗಳಿವೆ. ನನ್ನ ಒಂದು ತಪ್ಪು ಇಷ್ಟು ದೂರ ಬಲೆ ಬೀಸುತ್ತದೆಯೇ ಎನ್ನಿಸಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೀರು ಕಡಿಮೆಯಾಗಿ ಮೀನು ಹೋಯಿತು ಎಂದು ಬರೆದರೆ ಎಲ್ಲರೂ ನಂಬುತ್ತಿದ್ದರು. ಹಾಗೆ ಬರೆದ ಒಂದು ಪ್ಯಾರಾ ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ದಿನ ಇತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಮೂರನೆಯ ದಿನ ನೋಟ್‌ಬುಕ್ಕು ಹಿಡಿದು ಮೇಲಧಿಕಾರಿಯ ಮುಂದೆ ಕೂತೆ. ಕೆಟ್ಟವರಲ್ಲ. ಐದನೇ ಪುಟವನ್ನು ಎರಡು ಸಲ ಓದಿದರು.

"ಇದನ್ನೇ ಒಂದು ಟಿಪ್ಪಣಿ ಮಾಡಿ ಕೆಳಗೆ ಸೇರಿಸಿದ್ರಾಯ್ತಲ್ಲಮ್ಮ?"

"ಟಿಪ್ಪಣಿ ಯಾರೂ ಓದಲ್ಲ ಸಾರ್. ನಾನೇ ಓದ್ಲಿಲ್ಲ. ಜನ ನೋಡೋದು ಬಣ್ಣ. ಬಣ್ಣವೇ ತಪ್ಪಿದೆ."

"ವಾಪಸ್ ತಗೊಂಡ್ರೆ ನಿಮ್ಮ ಗುತ್ತಿಗೆ ಅಲ್ಲಿಗೇ ನಿಲ್ತದೆ. ಹೊಸ ಆದೇಶ ಯಾವಾಗ ಆಗ್ತದೋ ನಂಗೂ ಗೊತ್ತಿಲ್ಲ. ಯೋಚ್ನೆ ಮಾಡಿ."

ಯೋಚನೆ ಮಾಡಿಯೇ ಬಂದಿದ್ದೆ. ಈ ನಕ್ಷೆಯಲ್ಲಿ ನೀರಿನ ಇಳಿತವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಇದರಿಂದ ತಾಯಿಮೀನು ನಾಶವಾಗಿದೆ, ದಯವಿಟ್ಟು ಎಲ್ಲೂ ಬಳಸಬಾರದು, ತಪ್ಪು ನನ್ನದು ಎಂದು ಕೈಯಲ್ಲೇ ಬರೆದು ಸಹಿ ಹಾಕಿ ಕೊಟ್ಟೆ. ಕೆಲಸ ಹೋದ ದುಃಖವೂ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಅದೇ ಶಾಲೆಯ ಜಗಲಿಯಲ್ಲಿ ಮತ್ತೆ ಸಭೆ ಸೇರಿಸಿದೆ. ಅಂಟಿಸಿದ್ದ ನಕ್ಷೆಯನ್ನು ಗೋಡೆಯಿಂದ ನಾನೇ ಕಿತ್ತೆ. ತಪ್ಪು ಒಪ್ಪಿಕೊಂಡೆ. ಯಾರೋ ಹಿಂದಿನಿಂದ ಕಿಸಕ್ಕೆಂದರು. ಕಾರ್ಯದರ್ಶಿ, "ಲೇ, ಸುಮ್ನಿರ್ರಲೇ" ಎಂದು ಗದರಿದ. ಆಮೇಲೆ ತಾನೇ ತಲೆ ಬಗ್ಗಿಸಿ, "ನಮ್ದೂ ತಪ್ಪೈತೆ ಮೇಡಂ. ಕಲ್ಲು ಕಂಡಿದ್ದು ನಮ್ಗೂ ಗೊತ್ತಿತ್ತು. ನಕ್ಷೆ ಐತಲ್ಲ ಅಂತ ಕಣ್ಮುಚ್ಕಂಡ್ವಿ" ಎಂದ. ಅಕ್ಕ ಅದೇ ಗೋಡೆಗೆ ಒರಗಿ ಕೂತಿದ್ದರು. ಸಭೆ ಮುಗಿದ ಮೇಲೆ ಅವರ ಮುಂದೆ ಹೋಗಿ ನಿಂತೆ.

"ತಪ್ಪಾಯ್ತಕ್ಕ."

"ತಪ್ಪಾಯ್ತು ಅಂದ್ರೆ ಮೀನು ತಿರುಗಿ ಬತ್ತಾವಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಪಕ್ಕಕ್ಕೆ ಸರಿದು ಜಾಗ ಮಾಡಿ, "ಬುಕ್ಕು ತಂದಿದ್ದೀರಾ? ಕೂತ್ಕಳಿ, ಬರ್ಕಳಿ. ಈ ಸಲ ಮೊದಲ್ನೇದ್ರಿಂದ ಏಳ್ತೀನಿ" ಎಂದರು.

ಆ ಮಳೆಗಾಲ ಪೂರ್ತಿ ಅವರ ಜೊತೆ ಓಡಾಡಿ ಒಂದಲ್ಲ, ಮೂರು ನಕ್ಷೆ ಬರೆದೆ. ಅದಕ್ಕೆ ಆದೇಶವೂ ಇರಲಿಲ್ಲ, ಮೊಹರೂ ಇರಲಿಲ್ಲ. ಮೇಲಿನ ಕಲ್ಲು ಮಾತ್ರ ಕಾಣುವಾಗಿನದು ಒಂದು, ಎರಡನೇ ಕಲ್ಲು ಕಂಡಾಗಿನದು ಒಂದು, ಮೂರನೆಯದು ಕಂಡಾಗಿನದು ಒಂದು. ಮೊದಲಿನದರಲ್ಲಿ ಬಂಡೆಸಾಲು ಅಕ್ಕನಿಗೆ ತೆರೆದಿತ್ತು. ಉಳಿದೆರಡರಲ್ಲೂ ಮಡುವಿಗೆ ಕೆಂಪು. ಸಂಘದವರು ತೂಬಿನ ಎರಡನೇ ಅಡ್ಡಕಲ್ಲಿಗೆ ಕೆಂಪು ಬಣ್ಣ ಬಳಿದರು. ಆ ಕಲ್ಲು ಹೊರಗೆ ಬಂದ ದಿನ ಏರಿಯ ಮೇಲೆ ಕೂಗಿ ಹೇಳುವ ಕೆಲಸವನ್ನು ಅಕ್ಕನಿಗೆ ಒಪ್ಪಿಸಿದರು. ಕಾಗದದ ನಕ್ಷೆ ಯಾರ ಹತ್ತಿರ ಉಳಿದಿದೆಯೋ ಕಾಣೆ, ಕಲ್ಲು ಮಾತ್ರ ಎಲ್ಲರಿಗೂ ಕಾಣುತ್ತದೆ.

ಆದರೆ ಆ ಮಳೆಗಾಲದಲ್ಲಿ ಕೊರಮೀನಿನ ಕೆಂಪು ಮರಿಯುಂಡೆ ಒಂದೂ ಕಾಣಲಿಲ್ಲ. ಟ್ಯೂಬಿನ ಮೇಲೆ ಕೂತು ಇಬ್ಬರೂ ಕೆರೆಯ ಅಂಚು ಅಂಚೂ ಹುಡುಕಿದೆವು. ಅಕ್ಕನ ಬಲೆಗೆ ಪಕ್ಕೆ ಬಿತ್ತು, ಕಾಟ್ಲ ಬಿತ್ತು, ಕೊರಮೀನು ಬೀಳಲಿಲ್ಲ. ಅವರು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನನಗೆ ಸಿರಾದಲ್ಲಿ ಬೇರೆ ಕೆಲಸ ಸಿಕ್ಕಿತು. ಆದರೂ ರಜೆ ಸಿಕ್ಕಾಗ ಬಸ್ಸು ಹತ್ತಿ ಬರುತ್ತಿದ್ದೆ. ಮರುವರ್ಷದ ಬೇಸಿಗೆಯಲ್ಲಿ ಎರಡನೇ ಕಲ್ಲು ಕಂಡಿತು, ಅಕ್ಕ ಕೂಗಿದರು, ಮಡುವಿಗೆ ಯಾರೂ ಬಲೆ ಬಿಡಲಿಲ್ಲ. ಮತ್ತೆ ಮಳೆ ಬಂತು, ನೀರು ಏರಿ ಎರಡನೇ ಕಲ್ಲು ಮುಳುಗಿತು.

ಅಂಥ ಒಂದು ಬೆಳಿಗ್ಗೆ ಬಂಡೆಸಾಲಿನಲ್ಲಿ ಅಕ್ಕ ಬಲೆಯ ಒಂದು ತುದಿಯನ್ನು ಬಂಡೆಗೆ ಬಿಗಿಯುತ್ತಿದ್ದರು. ನಾನು ಹಲಗೆಯ ಮೇಲೆ ಕೂತು ಗುಂಡುಕಲ್ಲು ಇಳಿಬಿಟ್ಟು ಗಂಟು ಎಣಿಸುತ್ತಿದ್ದೆ. ಅವರ ಕೈ ಥಟ್ಟನೆ ನಿಂತಿತು. ಎರಡು ಬಂಡೆಗಳ ನಡುವೆ, ನೀರಿನ ಮೇಲ್ಮೈಗೆ ತಾಗಿಕೊಂಡು, ಕುಂಕುಮ ಚೆಲ್ಲಿದಂತೆ ಏನೋ ಕೆಂಪಗೆ ಮಿಸುಕಾಡುತ್ತಿತ್ತು. ನೂರಾರು ಮರಿ. ಅದರ ಕೆಳಗೆ ಕಪ್ಪಗೆ ಒಂದು ಬೆನ್ನು ನಿಧಾನವಾಗಿ ತಿರುಗಿತು.

ನನ್ನ ಕಣ್ಣು ತುಂಬಿಬಂತು. ಅಕ್ಕ ಈಗಷ್ಟೇ ಕಟ್ಟಿದ ಗಂಟನ್ನು ಬಿಚ್ಚಿ, ಬಲೆಯನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಆ ದಿನಕ್ಕೆ ಅವರಿಗೆ ಬೇರೆ ಜಾಗವಿರಲಿಲ್ಲ.

"ಬುಡಿ, ಈ ಮರಿ ದೊಡ್ಡವಾಗಾ ಗಂಟ ಇಲ್ಲಿ ಬಲೆ ಬ್ಯಾಡ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬರ್ಕಳಲ್ವಾ?" ಎಂದರು.

ನೋಟ್‌ಬುಕ್ಕು ತೆಗೆದೆ. "ಏನಂತ ಬರೀಲಿ, ಹೇಳಕ್ಕ."

"ಎಲ್ಡನೇ ಕಲ್ಲು ಮುಳುಗೈತೆ, ಬಂಡೆ ಸಂದ್ಯಾಗೆ ಮರಿ ಅವೆ. ಅಷ್ಟೇಯ."

ಅವರು ಹೇಳಿದಂತೆಯೇ ಬರೆದೆ. ಮೊದಲನೇ ಅಂಕಣದಲ್ಲಿ ಬರೆದೆ.